ಸನ್ನಡತೆಯ ಪತ್ರವೂ ಕೂಟಲೇಖವಾಗಬಹುದು

ಶ್ರಾವಕನ ಸತ್ಯಾಣುವ್ರತಕ್ಕೆ ಕುಂದು ತರುವ ಅತಿಚಾರಗಳನ್ನು ಎಣಿಸುವಾಗ ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಕೂಟಲೇಖವನ್ನೂ ಸೇರಿಸಿದ್ದಾರೆ. ಕೂಟಲೇಖವೆಂದರೆ ಸುಳ್ಳು ಬರವಣಿಗೆ. ವ್ಯಾಪಾರಿಗಳಾದ ನಾವು ಈ ಮಾತನ್ನು ಕೇಳಿದೊಡನೆ ಕಳ್ಳಲೆಕ್ಕ, ಖೋಟಾ ದಸ್ತಾವೇಜು, ಎರಡನೆಯ ಕಿರ್ದಿ ಪುಸ್ತಕ ಇವುಗಳನ್ನು ನೆನೆಯುತ್ತೇವೆ. ಅವುಗಳಿಂದ ದೂರವಿದ್ದರೆ ವ್ರತ ಉಳಿಯಿತೆಂದು ಸಮಾಧಾನಪಡುತ್ತೇವೆ. ಆದರೆ ಬಸದಿಯ ಮುದ್ರೆಯೊತ್ತಿದ ಕಾಗದದ ಮೇಲೆ, ಸದುದ್ದೇಶದಿಂದಲೇ, ನಾವು ಬರೆದುಕೊಡುವ ಒಂದು ಬಗೆಯ ಪತ್ರವೂ ಕೂಟಲೇಖವೇ ಎಂಬುದು ಈ ಲೇಖನದ ವಾದ. ಮಾತು ಕಟುವೆನಿಸಬಹುದು. ಈ ವಿಷಯದಲ್ಲಿ ಮೊದಲ ತಪ್ಪಿತಸ್ಥ ನಾನೇ ಆದುದರಿಂದ ಹೇಳುವ ಅಧಿಕಾರವಿದೆಯೆಂದು ಭಾವಿಸಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಸಮಾಜದ ಗೌರವಸ್ಥ ಮನೆತನವೊಂದರ ಹುಡುಗನು ಸಹಪಾಠಿಯೊಬ್ಬನನ್ನು ಹೊಡೆದು ಗಾಯಗೊಳಿಸಿದನೆಂದು ಪ್ರಕರಣ ದಾಖಲಾಯಿತು. ಅವನ ತಂದೆ ನನ್ನ ಅಂಗಡಿಗೆ ಬಂದು, ಮಂಡಳಿಗೆ ಒಪ್ಪಿಸಲು ಒಂದು ಸನ್ನಡತೆಯ ಪತ್ರ ಬೇಕೆಂದರು. ಆ ಹುಡುಗನನ್ನು ನಾನು ದಶಲಕ್ಷಣ ಪರ್ವದ ದಿನಗಳಲ್ಲಿ ಎರಡು ಸಲ ಕಂಡಿದ್ದೆನಷ್ಟೆ. ಆದರೂ ಬಾಲ್ಯದಿಂದ ಬಲ್ಲೆನೆಂದೂ, ಸುಶೀಲನೆಂದೂ, ನಿತ್ಯವೂ ಜಿನದರ್ಶನ ಮಾಡುವವನೆಂದೂ ಬರೆದು ಸಹಿ ಹಾಕಿದೆ. ಕೈ ನಡುಗಲಿಲ್ಲ, ಉಪಕಾರ ಮಾಡಿದ ತೃಪ್ತಿಯೇ ಇತ್ತು.

ಅದೇ ವರ್ಷ ಬಂದರಿನಲ್ಲಿ ನನ್ನ ಅಂಗಡಿಯ ನೆರೆಯ ಗೋದಾಮೊಂದರಲ್ಲಿ ಚಿಲ್ಲರೆ ಕೆಲಸ ಮಾಡುತ್ತಿದ್ದ ಇನ್ನೊಬ್ಬ ಹುಡುಗನು ತಾಮ್ರದ ತಂತಿಯ ಕಳವಿನ ಪ್ರಕರಣದಲ್ಲಿ ಸಿಕ್ಕಿಬಿದ್ದನು. ಉತ್ತರ ಕರ್ನಾಟಕದಿಂದ ಕೂಲಿಗಾಗಿ ಬಂದ ಕುಟುಂಬ, ತಂದೆ ಹಮಾಲಿ. ವಿಚಾರಿಸಲು ಬಂದ ಅಧಿಕಾರಿ ಎಳೆಯ ವಯಸ್ಸಿನ ಹೆಣ್ಣುಮಗಳು. ಕೈಯಲ್ಲಿ ಒಂದು ನಮೂನೆಯ ಕಾಗದ ಹಿಡಿದು, "ಸರ್, ಈ ಹುಡುಗನನ್ನು ತಾವು ಬಲ್ಲಿರಾ?" ಎಂದು ಕೇಳಿದಳು. ನಾನು ಬಲ್ಲವನಾಗಿದ್ದೆ. ತಂದೆ ಲಾರಿಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮನೆಯ ಅಕ್ಕಿ ಇವನ ಕೂಲಿಯಿಂದ ಬರುತ್ತಿತ್ತೆಂಬುದನ್ನು ಬಲ್ಲೆ. ಎಣಿಕೆ ತಪ್ಪಿ ನಾನು ಹೆಚ್ಚಾಗಿ ಕೊಟ್ಟಿದ್ದ ಹಣವನ್ನು ಒಮ್ಮೆ ತಾನಾಗಿ ಹಿಂದಕ್ಕೆ ತಂದುಕೊಟ್ಟಿದ್ದನೆಂಬುದನ್ನು ಬಲ್ಲೆ. ಕೊನೆಯ ಕೆಲವು ತಿಂಗಳು ತನಗಿಂತ ದೊಡ್ಡ ಹುಡುಗರ ಸಂಗಡ ತಿರುಗುತ್ತಿದ್ದನೆಂಬುದನ್ನೂ, ಕೆಲಸಕ್ಕೆ ತಡವಾಗಿ ಬರುತ್ತಿದ್ದನೆಂಬುದನ್ನೂ ಬಲ್ಲೆ. ಆದರೆ ನಾನು ಹೇಳಿದ್ದು ಇಷ್ಟೆ: "ಕೋರ್ಟಿನ ಉಸಾಬರಿ ನಮಗೇಕಮ್ಮ? ನನಗೇನೂ ಗೊತ್ತಿಲ್ಲ."

ಮೊದಲನೆಯವನು ಬೇಗನೆ ಮನೆ ಸೇರಿದನು. ಎರಡನೆಯವನು ತಿಂಗಳುಗಟ್ಟಲೆ ವೀಕ್ಷಣಾಲಯದಲ್ಲಿದ್ದನು. ನನ್ನ ಪತ್ರದಿಂದಲೇ ಅದಾಯಿತು, ನನ್ನ ಮೌನದಿಂದಲೇ ಇದಾಯಿತು ಎಂದು ಹೇಳಲಾರೆ. ಮಂಡಳಿಯವರು ಬೇರೆ ಸಂಗತಿಗಳನ್ನೂ ನೋಡಿರಬೇಕು. ಆದರೆ ಒಂದು ಕಡತದಲ್ಲಿ ನನ್ನಿಂದ ಒಂದು ಸುಳ್ಳು ಸೇರಿತು, ಇನ್ನೊಂದು ಕಡತದಲ್ಲಿ ನನ್ನಿಂದ ಸತ್ಯವೊಂದು ಸೇರದೆ ಉಳಿಯಿತು. ಕೊಳ್ಳುವುದಕ್ಕೆ ಒಂದು ತಕ್ಕಡಿ, ಮಾರುವುದಕ್ಕೆ ಇನ್ನೊಂದು ತಕ್ಕಡಿ ಇಟ್ಟುಕೊಳ್ಳುವುದು ಅಚೌರ್ಯಾಣುವ್ರತದ ಅತಿಚಾರವೆಂದು ಬಲ್ಲ ನಾನು ಇಬ್ಬರು ಮಕ್ಕಳನ್ನು ಎರಡು ತಕ್ಕಡಿಗಳಲ್ಲಿ ತೂಗಿದೆ. ಮಕ್ಕಳ ಗುರುತು ಸಿಗಬಾರದೆಂದು ವಿವರಗಳನ್ನು ಇಲ್ಲಿಗೇ ನಿಲ್ಲಿಸಿದ್ದೇನೆ.

ಆ ಹೆಣ್ಣುಮಗಳ ಕೈಯಲ್ಲಿದ್ದ ಕಾಗದದ ಮಹತ್ವ ನನಗೆ ಅಂದು ತಿಳಿದಿರಲಿಲ್ಲ. ನಾನು ವಾಣಿಜ್ಯದ ಪದವೀಧರನೇ ಹೊರತು ಕಾನೂನಿನವನಲ್ಲ. ಅನಂತರ ಓದಿ, ತಿಳಿದವರನ್ನು ಕೇಳಿ ಅರಿತುದನ್ನು ಇಲ್ಲಿ ನಿವೇದಿಸುತ್ತೇನೆ. ಹದಿನೆಂಟು ತುಂಬದ ಮಗುವನ್ನು ಅಪರಾಧದ ಆರೋಪದ ಮೇಲೆ ಹಿಡಿದಾಗ 24 ಗಂಟೆಗಳೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜಸೇವಕರೂ ಇರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಮಗುವನ್ನು ಮೊದಲ ಸಲ ಹಾಜರುಪಡಿಸಿದ 15 ದಿನಗಳೊಳಗೆ ಪರಿವೀಕ್ಷಣಾಧಿಕಾರಿ, ಎಂದರೆ ಜನರು ಪ್ರೊಬೇಷನ್ ಆಫೀಸರ್ ಎಂದು ಕರೆಯುವವರು, ಸಾಮಾಜಿಕ ತನಿಖಾ ವರದಿಯನ್ನು ಸಲ್ಲಿಸಬೇಕು. ಇದಕ್ಕೆ 2016ರ ಆದರ್ಶ ನಿಯಮಗಳಲ್ಲಿ 6ನೆಯ ನಮೂನೆಯೆಂಬ ಕಾಗದವೇ ಇದೆ. ಮಗುವಿನ ಮನೆ, ಶಾಲೆ, ದುಡಿಮೆ, ಗೆಳೆಯರು, ಅಭ್ಯಾಸಗಳು, ಮಗುವಿನ ಮೇಲೆ ನಡೆದಿರಬಹುದಾದ ದೌರ್ಜನ್ಯ, ಕೃತ್ಯಕ್ಕೆ ಪ್ರೇರಣೆ ಇವೆಲ್ಲವನ್ನೂ ವಿಚಾರಿಸಿ ಬರೆಯಬೇಕು.

ಈ ವರದಿ ಕೇವಲ ಔಪಚಾರಿಕ ಕಾಗದವಲ್ಲ. 2016ರ ಜನವರಿ 15ರಿಂದ ಜಾರಿಯಲ್ಲಿರುವ 2015ರ ಬಾಲ ನ್ಯಾಯ ಕಾಯಿದೆಯ 18ನೆಯ ಪ್ರಕರಣವು, ಮಗು ತಪ್ಪು ಮಾಡಿದೆಯೆಂದು ಕಂಡುಬಂದ ಮೇಲೆ ಯಾವ ಆದೇಶ ಮಾಡಬೇಕೆಂಬುದನ್ನು ಕೃತ್ಯದ ಸ್ವರೂಪದೊಡನೆ ಈ ವರದಿಯಲ್ಲಿ ಹೊರಬಿದ್ದ ಸನ್ನಿವೇಶಗಳನ್ನೂ ಮಗುವಿನ ಹಿಂದಿನ ನಡತೆಯನ್ನೂ ನೋಡಿ ನಿರ್ಧರಿಸಬೇಕೆಂದು ಹೇಳುತ್ತದೆ. ಬುದ್ಧಿ ಹೇಳಿ ಮನೆಗೆ ಕಳುಹಿಸಬಹುದು. ಸಮುದಾಯ ಸೇವೆ ವಿಧಿಸಬಹುದು. ಸನ್ನಡತೆಯ ನಿಬಂಧನೆಯ ಮೇಲೆ ತಂದೆತಾಯಿಗಳ ಅಥವಾ ಯೋಗ್ಯ ವ್ಯಕ್ತಿಯೊಬ್ಬರ ಹೊಣೆಗೆ ಒಪ್ಪಿಸಬಹುದು. ಇಲ್ಲವೆ ಗರಿಷ್ಠ ಮೂರು ವರ್ಷಗಳ ಕಾಲ ವಿಶೇಷ ಗೃಹಕ್ಕೆ ಕಳುಹಿಸಬಹುದು. ಮನೆಗೂ ಮೂರು ವರ್ಷಗಳ ವಾಸಕ್ಕೂ ನಡುವೆ ಇರುವ ಅಂತರವನ್ನು ಬಹುಮಟ್ಟಿಗೆ ಈ ಕಾಗದ ಅಳೆಯುತ್ತದೆ.

ಇದು ನಿನ್ನೆ ಮೊನ್ನೆ ಹುಟ್ಟಿದ ವಿಚಾರವೂ ಅಲ್ಲ. ನಮ್ಮ ಜಿಲ್ಲೆ ಅಂದು ಸೇರಿದ್ದ ಮದ್ರಾಸ್ ಪ್ರಾಂತ್ಯದಲ್ಲಿ 1920ರಲ್ಲಿಯೇ ಮಕ್ಕಳ ಕಾಯಿದೆ ಬಂದಿತು. ಭಾರತದಲ್ಲಿ ಅಂತಹ ಮೊದಲ ಕಾಯಿದೆ ಅದೇ. ಇಪ್ಪತ್ತೊಂದು ವರ್ಷ ತುಂಬದವರನ್ನು ಸೆರೆಮನೆಗೆ ಕಳುಹಿಸುವ ಮುನ್ನ ಪರಿವೀಕ್ಷಣಾಧಿಕಾರಿಯ ವರದಿಯನ್ನು ತರಿಸಿಕೊಳ್ಳಬೇಕೆಂದು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆ ವಿಧಿಸಿತು. 1985ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ ಬೀಜಿಂಗ್ ನಿಯಮಗಳಲ್ಲಿ 16ನೆಯದು, ಕ್ಷುಲ್ಲಕ ಪ್ರಕರಣಗಳನ್ನು ಬಿಟ್ಟು ಉಳಿದೆಲ್ಲದರಲ್ಲಿ ತೀರ್ಮಾನಕ್ಕೆ ಮುಂಚೆ ಮಗುವಿನ ಹಿನ್ನೆಲೆಯನ್ನು ವಿಚಾರಿಸಬೇಕೆನ್ನುತ್ತದೆ. ನೂರು ವರ್ಷಗಳಿಂದ ನ್ಯಾಯದ ವಿವೇಕ ಹೀಗೆ ಕೇಳುತ್ತ ಬಂದಿದೆ. ಉತ್ತರ ಹೇಳಬೇಕಾದವರು ನೆರೆಹೊರೆಯವರಾದ ನಾವು.

ಹೇಗೆ ಉತ್ತರಿಸುತ್ತಿದ್ದೇವೆ? ಸಮಂತಭದ್ರಾಚಾರ್ಯರು ಹೆಸರಿಸಿದ ಅತಿಚಾರಗಳಲ್ಲಿ ಮೂರನ್ನು ಎತ್ತಿಕೊಂಡರೆ ಸಾಕು. ಮೊದಲನೆಯದು ಕೂಟಲೇಖ. ಟ್ರಸ್ಟಿನ ಪದಾಧಿಕಾರಿಗಳು ಮಗುವಿನ ಮುಖವನ್ನೇ ನೋಡದೆ, ತಂದೆಯ ದೇಣಿಗೆಯ ರಸೀದಿಯನ್ನು ಮಾತ್ರ ನೋಡಿ ಬರೆದುಕೊಡುವ ಸನ್ನಡತೆಯ ಪತ್ರ. ಎರಡನೆಯದು ಪೈಶುನ್ಯ, ಎಂದರೆ ಚಾಡಿ. ಕೂಲಿಯವರ ಮಗನ ವಿಷಯ ಬಂದಾಗ, "ಆ ಜಾತಿಯೇ ಹಾಗೆ, ಆ ಊರಿನವರೇ ಹಾಗೆ" ಎಂದು ನಾವು ಬಾಗಿಲಲ್ಲಿ ನಿಂತು ಎಸೆಯುವ ಮಾತು. ಅವಸರದ ಕೈ ಅದನ್ನು ನೆರೆಹೊರೆಯವರ ಅಭಿಪ್ರಾಯವೆಂದು ದಾಖಲಿಸಿಬಿಟ್ಟರೆ ಮಗುವಿನ ನೆತ್ತಿಯ ಮೇಲೆ ಅದು ಕುಳಿತುಕೊಳ್ಳುತ್ತದೆ. ಮೂರನೆಯದು ರಹೋಭ್ಯಾಖ್ಯೆ, ಗುಟ್ಟನ್ನು ಹೊರಗೆಡಹುವುದು. ಇಂತಹವರ ಮಗನನ್ನು ಹಿಡಿದರಂತೆ ಎಂದು ಹೆಸರು ಸಹಿತ ಮೊಬೈಲಿನಲ್ಲಿ ಹತ್ತು ಮಂದಿಗೆ ಕಳುಹಿಸುವವರು ತಿಳಿದಿರಲಿ: ಇಂತಹ ಮಗುವಿನ ಗುರುತನ್ನು ಯಾವುದೇ ಸಂಪರ್ಕ ಸಾಧನದಲ್ಲಿ ಪ್ರಕಟಿಸುವುದನ್ನು ಕಾಯಿದೆಯ 74ನೆಯ ಪ್ರಕರಣ ನಿಷೇಧಿಸಿದೆ, ಆರು ತಿಂಗಳವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು.

ಅಚೌರ್ಯವ್ರತದ ಒಂದು ಮಾತನ್ನೂ ಇಲ್ಲಿ ಸೇರಿಸಬೇಕು. ಕಳವಿನ ಮಾಲನ್ನು ಕೊಳ್ಳುವುದು ಅತಿಚಾರವೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಹದಿನಾರು ವರ್ಷದ ಹುಡುಗನು ತಾಮ್ರದ ತಂತಿ ತಂದಾಗ ಎಲ್ಲಿಯದೆಂದು ಕೇಳದೆ ಅಗ್ಗದ ಬೆಲೆಗೆ ತೂಗಿಕೊಂಡ ದೊಡ್ಡವನೊಬ್ಬ ಇದ್ದೇ ಇರುತ್ತಾನೆ. ಆ ಕೊಳ್ಳುವ ಕೈಯ ಪ್ರಸ್ತಾಪ ವರದಿಯಲ್ಲಿ ಬಾರದಿದ್ದರೆ ಹುಡುಗನೇ ಮೂಲಚೋರನಾಗಿ ಕಾಣುತ್ತಾನೆ. ಪೇಟೆಯಲ್ಲಿ ಕುಳಿತವರಿಗೆ ಇದು ತಿಳಿಯದ ಸಂಗತಿಯಲ್ಲ.

ಇನ್ನು ಆಕ್ಷೇಪಗಳು. ಶಾಸ್ತ್ರಜ್ಞರಾದ ಮಿತ್ರರೊಬ್ಬರು, "ಉಪಗೂಹನವು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದು, ಸಾಧರ್ಮಿಯ ದೋಷವನ್ನು ಮುಚ್ಚುವುದು ಧರ್ಮವೇ ಅಲ್ಲವೆ?" ಎಂದು ಕೇಳಿದರು. ಉಪಗೂಹನಕ್ಕೆ ದೃಷ್ಟಾಂತವಾದ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆಯನ್ನೂ ನೆನಪಿಸಿದರು. ತ್ಯಾಗಿಯ ವೇಷದಲ್ಲಿ ಚೈತ್ಯಾಲಯವನ್ನು ಸೇರಿ ರತ್ನವನ್ನು ಕದ್ದ ಚೋರನನ್ನು ಕಾವಲುಗಾರರು ಅಟ್ಟಿ ಬಂದಾಗ ಶ್ರೇಷ್ಠಿಯು, ತಾನೇ ತರಹೇಳಿದ್ದೆನೆಂದು ಹೇಳಿ ಧರ್ಮಕ್ಕೆ ಬರಬಹುದಾದ ಅಪವಾದವನ್ನು ತಪ್ಪಿಸಿದನು. ಸರಿ. ಆದರೆ ಕಥೆಯನ್ನು ಕೊನೆಯವರೆಗೂ ಓದಬೇಕು. ಶ್ರೇಷ್ಠಿಯು ಆ ಚೋರನನ್ನು ಮರಳಿ ಚೈತ್ಯಾಲಯದ ಕಾವಲಿಗೆ ನೇಮಿಸಲಿಲ್ಲ. ಆ ರಾತ್ರಿಯೇ ಹೊರಗೆ ಅಟ್ಟಿದನು. ಅವನು ಕಾಪಾಡಿದ್ದು ಧರ್ಮದ ಹೆಸರನ್ನು. ತಪ್ಪನ್ನು ತಪ್ಪಲ್ಲವೆಂದು ಅವನು ಎಣಿಸಲಿಲ್ಲ.

ಬೀದಿಯಲ್ಲಿ ಸಾರದಿರುವುದು ಉಪಗೂಹನ. ತಿದ್ದುವ ಹೊಣೆ ಹೊತ್ತವರಿಂದಲೂ ಬಚ್ಚಿಡುವುದು ಉಪಗೂಹನವಲ್ಲ. ವೈದ್ಯನಿಂದ ರೋಗಿಯ ರೋಗವನ್ನು ಮುಚ್ಚಿಡುವವನು ರೋಗಿಯ ಬಂಧುವೆ? ಕಾಯಿದೆಯಾದರೂ ಈ ಭೇದವನ್ನು ಅರಿತಿದೆ. ಅದರ 99ನೆಯ ಪ್ರಕರಣದಂತೆ ಈ ವರದಿಗಳು ಗೋಪ್ಯ. ಸಾರಾಂಶವನ್ನು ಮಗುವಿಗೂ ಪೋಷಕರಿಗೂ ತಿಳಿಸಿ ಅವರ ಉತ್ತರಕ್ಕೆ ಅವಕಾಶ ಕೊಡಬಹುದು. ಪರರಿಗೆ ವಿಪತ್ತು ತರುವ ಸತ್ಯವನ್ನು ನುಡಿಯಬಾರದೆಂಬ ಆಚಾರ್ಯರ ಎಚ್ಚರಿಕೆಗೂ ಇಲ್ಲಿ ಭಂಗವಿಲ್ಲ. ಹುಡುಗನು ಕೆಟ್ಟ ಸಂಗಕ್ಕೆ ಬಿದ್ದಿದ್ದಾನೆಂದು ಗೋಪ್ಯವಾಗಿ, ತಿದ್ದುಪಾಟಿಗಾಗಿ ಹೇಳಿದ ಮಾತು ವಿಪತ್ತಲ್ಲ. ಅದನ್ನು ಮುಚ್ಚಿಟ್ಟು ಅವನನ್ನು ಅದೇ ಸಂಗಕ್ಕೆ ಮರಳಿ ಕಳುಹಿಸುವುದೇ ವಿಪತ್ತು.

ಎರಡನೆಯ ಆಕ್ಷೇಪ ಇದಕ್ಕೆ ತದ್ವಿರುದ್ಧವಾದುದು. "ತಪ್ಪು ಮಾಡಿದವನಿಗೆ ಶಿಕ್ಷೆಯಾಗಲಿ, ಅವನ ಮನೆಯ ಪುರಾಣವೇಕೆ? ಇದೆಲ್ಲ ಕಳ್ಳರನ್ನು ಮುದ್ದಿಸುವ ವಿಧಾನ" ಎನ್ನುವವರು ನಮ್ಮಲ್ಲಿ ಕಡಿಮೆಯಿಲ್ಲ. ಅವರಿಗೆ ವಾರಿಷೇಣಕುಮಾರನ ಕಥೆಯನ್ನು ನೆನಪಿಸಬಯಸುತ್ತೇನೆ. ಸ್ಮಶಾನದಲ್ಲಿ ಧ್ಯಾನಸ್ಥನಾಗಿದ್ದ ರಾಜಕುಮಾರನ ಮುಂದೆ ಚೋರನೊಬ್ಬನು ಕದ್ದ ಹಾರವನ್ನು ಎಸೆದು ಮರೆಯಾದನು. ಕಾವಲುಗಾರರು ಹಾರವನ್ನು ಕಂಡರು, ಕುಮಾರನನ್ನು ಕಂಡರು, ಅರಸನಿಗೆ ದೂರಿತ್ತರು. ಶ್ರೇಣಿಕ ಮಹಾರಾಜನು ಸ್ವಂತ ಮಗನೆಂದೂ ನೋಡದೆ ಶಿರಚ್ಛೇದಕ್ಕೆ ಆಜ್ಞಾಪಿಸಿದನು. ಅರಸನ ನಿಷ್ಪಕ್ಷಪಾತವನ್ನು ನಾವು ಪ್ರವಚನಗಳಲ್ಲಿ ಕೊಂಡಾಡುತ್ತೇವೆ. ಆದರೆ ನಿಷ್ಪಕ್ಷಪಾತಿಯಾದ ಆ ಅರಸನ ತೀರ್ಪು ತಪ್ಪಾಗಿತ್ತೆಂಬುದನ್ನು ಮರೆಯುತ್ತೇವೆ. ಹಾರವೊಂದನ್ನು ಬಿಟ್ಟು ಬೇರೇನನ್ನೂ ಯಾರೂ ವಿಚಾರಿಸಿರಲಿಲ್ಲ. ಎತ್ತಿದ ಕತ್ತಿ ಹೂಮಾಲೆಯಾದುದರಿಂದ ಕುಮಾರನು ಉಳಿದನು. ಮುಂದೆ ಮುನಿಯಾಗಿ, ವ್ರತದಿಂದ ಜಾರುತ್ತಿದ್ದ ಪುಷ್ಪದಾಲನನ್ನು ಮರಳಿ ನಿಲ್ಲಿಸಿ, ಸ್ಥಿತಿಕರಣ ಅಂಗಕ್ಕೆ ದೃಷ್ಟಾಂತವಾದವನು ಅವನೇ. ಇಂದು ಮಂಡಳಿಯ ಮುಂದೆ ನಿಲ್ಲುವ ಹುಡುಗನಿಗಾಗಿ ಕತ್ತಿಯನ್ನು ಹೂವಾಗಿಸುವ ದೇವತೆಗಳು ಬರುವುದಿಲ್ಲ. ನಮೂನೆಯ ಕಾಗದ ಹಿಡಿದು ಬಿಸಿಲಿನಲ್ಲಿ ಮನೆಮನೆ ತಿರುಗುವ ಅಧಿಕಾರಿ ಬರುತ್ತಾಳೆ; ಅವಳಿಗೆ ನಾವು ಬಾಗಿಲು ಹಾಕುತ್ತೇವೆ.

ವಿಚಾರಣೆಯಿಲ್ಲದ ದಯೆಯೂ ಇಷ್ಟೇ ಅನರ್ಥಕಾರಿ. 2024ರ ಮೇ 19ರಂದು ಪುಣೆಯಲ್ಲಿ ಹದಿನೇಳು ವರ್ಷದ ಹುಡುಗನೊಬ್ಬನು ಓಡಿಸುತ್ತಿದ್ದನೆನ್ನಲಾದ ಐಷಾರಾಮಿ ಕಾರು ಬೈಕಿಗೆ ಬಡಿದು ಇಬ್ಬರು ಯುವ ಎಂಜಿನಿಯರರು ಸತ್ತರು. ಅದೇ ದಿನ ದೊರೆತ ಜಾಮೀನಿನ ನಿಬಂಧನೆಗಳಲ್ಲಿ, ಅಪಘಾತದ ಬಗೆಗೆ 300 ಪದಗಳ ಪ್ರಬಂಧ ಬರೆಯಬೇಕೆಂಬುದೂ ಒಂದಾಗಿತ್ತು. ಹುಡುಗನನ್ನು ಕೆಟ್ಟ ಸಂಗದಿಂದ ದೂರವಿಡುವೆನೆಂಬ ಅಜ್ಜನ ಭರವಸೆಯನ್ನು ಮಂಡಳಿ ಗಣನೆಗೆ ತೆಗೆದುಕೊಂಡಿತ್ತು. ಅದು ಅಂತಿಮ ಆದೇಶವಲ್ಲ, ಜಾಮೀನು ಮಾತ್ರ. ಆದರೂ ದೇಶ ಸಿಡಿದೆದ್ದಿತು. ಮಕ್ಕಳಿಗಾಗಿ ಬೇರೆ ಕಾನೂನೇ ಬೇಡವೆಂದು ಜನ ಕೂಗಿದರು. ನನಗೆ ಕಂಡ ಪಾಠ ಬೇರೆ. ಮನೆಯ ಹಿರಿಯರ ಮಾತು ಹಾಗೂ ಮನೆತನದ ಗೌರವ ವಿಚಾರಣೆಯ ಸ್ಥಾನದಲ್ಲಿ ಬಂದು ಕುಳಿತಾಗಲೆಲ್ಲ ಮಕ್ಕಳ ಕಾನೂನಿನ ಮೇಲಿನ ನಂಬಿಕೆಯೇ ಕುಸಿಯುತ್ತದೆ. ಆ ಕುಸಿತದ ಭಾರ ಬೀಳುವುದು ಹಮಾಲಿಯ ಮಗನ ಮೇಲೆ. ನಾನು ಬರೆದುಕೊಟ್ಟ ಪತ್ರವೂ ಇದೇ ಜಾತಿಗೆ ಸೇರಿದ್ದು.

ಹದಿನಾರರಿಂದ ಹದಿನೆಂಟರ ನಡುವಿನವರ ವಿಷಯದಲ್ಲಿ ಅಪಾಯ ಇನ್ನೂ ಹೆಚ್ಚು. ಘೋರ ಅಪರಾಧದ ಆರೋಪವಿದ್ದರೆ 15ನೆಯ ಪ್ರಕರಣದಂತೆ ಮಂಡಳಿಯು ಮಗುವಿನ ಮಾನಸಿಕ ಹಾಗೂ ದೈಹಿಕ ಸಾಮರ್ಥ್ಯ, ಪರಿಣಾಮದ ಅರಿವು, ಕೃತ್ಯ ನಡೆದ ಸನ್ನಿವೇಶ ಇವನ್ನು ತೂಗಿ ನೋಡುತ್ತದೆ. ವಯಸ್ಕನಂತೆ ವಿಚಾರಿಸತಕ್ಕದ್ದೆಂದು ಕಂಡರೆ ಪ್ರಕರಣವನ್ನು ಮಕ್ಕಳ ನ್ಯಾಯಾಲಯಕ್ಕೆ ಒಪ್ಪಿಸಬಹುದು. ಸನ್ನಿವೇಶವನ್ನು ಬಲ್ಲವರು ಬಾಯಿ ಮುಚ್ಚಿಕೊಂಡರೆ ಮಂಡಳಿಯು ಏನನ್ನು ತೂಗಬೇಕು?

ಸರಕಾರದ ಲೋಪವನ್ನು ಮರೆಮಾಚುವ ಉದ್ದೇಶ ನನಗಿಲ್ಲ. ಸಂಪೂರ್ಣಾ ಬೆಹುರಾ ಅವರ ಮೊಕದ್ದಮೆಯಲ್ಲಿ 2018ರ ಫೆಬ್ರವರಿ 9ರಂದು ಸರ್ವೋಚ್ಚ ನ್ಯಾಯಾಲಯವು, ಬಾಲ ನ್ಯಾಯ ಮಂಡಳಿಗಳಲ್ಲೂ ಮಕ್ಕಳ ಕಲ್ಯಾಣ ಸಮಿತಿಗಳಲ್ಲೂ ಖಾಲಿಯಿರುವ ಸ್ಥಾನಗಳನ್ನು ಶೀಘ್ರವಾಗಿ ತುಂಬಬೇಕೆಂದು ರಾಜ್ಯಗಳಿಗೆ ಹೇಳಬೇಕಾಯಿತು. ಸಂಘಸಂಸ್ಥೆಗಳು ಇದಕ್ಕಾಗಿ ಒತ್ತಾಯಿಸುವುದು ಯುಕ್ತವೇ. ಆದರೆ ಎಷ್ಟು ಮಂದಿ ಅಧಿಕಾರಿಗಳು ಬಂದರೂ ನಮ್ಮ ಬಾಯಿಯ ಸತ್ಯವನ್ನು ಅವರು ತಾವಾಗಿ ಹುಟ್ಟಿಸಲಾರರು.

ಆದುದರಿಂದ ಬಸದಿಗಳ ಟ್ರಸ್ಟುಗಳ ಮೊಕ್ತೇಸರರಲ್ಲಿ ನನ್ನ ವಿಜ್ಞಾಪನೆ ಇದು. ಮಂಡಳಿಯ ಮುಂದಿರುವ ಯಾವ ಮಗುವಿಗೂ ಬಸದಿಯ ಕಾಗದದಲ್ಲಿ ಸನ್ನಡತೆಯ ಪತ್ರ ಕೊಡುವ ವಾಡಿಕೆಯನ್ನು ಠರಾವು ಮಾಡಿ ನಿಲ್ಲಿಸಿರಿ. ಮಗುವನ್ನು ನಿಜವಾಗಿ ಬಲ್ಲವರಿದ್ದರೆ ಅವರು ಸ್ವಂತ ಹೆಸರಿನಲ್ಲಿ, ಎಷ್ಟು ವರ್ಷದಿಂದ ಬಲ್ಲೆವು, ಏನನ್ನು ಕಣ್ಣಾರೆ ಕಂಡೆವು, ಯಾವುದು ಕೇಳಿದ ಮಾತು ಎಂದು ಬಿಡಿಬಿಡಿಯಾಗಿ ಬರೆಯಲಿ. ಒಳ್ಳೆಯದನ್ನು ಬರೆಯುವ ಕೈ ಕೊರತೆಯನ್ನೂ ಬರೆಯಲಿ. ಸ್ಯಾದ್ವಾದದ ಪರಂಪರೆಯವರಾದ ನಾವು ಒಂದೇ ನಯವನ್ನು ಹಿಡಿದು ಪೂರ್ಣಸತ್ಯವೆಂದು ಸಹಿ ಹಾಕುವುದು ತರವಲ್ಲ. ಯಾವ ಜಾತಿಯ ಮಗುವಿನ ಬಗೆಗಾದರೂ ಅಧಿಕಾರಿ ವಿಚಾರಿಸಲು ಬಂದರೆ ಕುಳ್ಳಿರಿಸಿ, ನೀರು ಕೊಟ್ಟು, ತಿಳಿದುದನ್ನು ತಿಳಿದಷ್ಟೇ ಹೇಳಿರಿ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯವಾದುದು. ವರದಿ ಬರೆಯುವವರು ಕೊನೆಗೆ ಒಂದು ಸಲಹೆಯನ್ನೂ ಕೊಡಬೇಕಾಗುತ್ತದೆ. ಮನೆ ಭದ್ರವಾಗಿಲ್ಲ, ಶಾಲೆ ಬಿಟ್ಟಿದೆ, ಕೆಲಸವಿಲ್ಲ ಎಂದು ಬರೆದ ಮೇಲೆ ಆ ಮಗುವನ್ನು ಎಲ್ಲಿಗೆ ಕಳುಹಿಸಿರೆಂದು ಸಲಹೆ ಮಾಡುವುದು? ನಮ್ಮವರಲ್ಲಿ ಶಾಲೆ ನಡೆಸುವವರಿದ್ದಾರೆ, ಕಾರ್ಖಾನೆ ಇರುವವರಿದ್ದಾರೆ, ವಿದ್ಯಾರ್ಥಿನಿಲಯಗಳಿವೆ. ಒಂದು ಪಾಠಶಾಲೆಯ ಸ್ಥಾನ, ಹೊಲಿಗೆಯನ್ನೋ ವಿದ್ಯುತ್ ಕೆಲಸವನ್ನೋ ಕಲಿಯುವ ಅವಕಾಶ, ವಾರಕ್ಕೊಮ್ಮೆ ವಿಚಾರಿಸುವ ಒಬ್ಬ ಹಿರಿಯ ಇಷ್ಟು ಸಿದ್ಧವಿದೆಯೆಂದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ನಾವು ಮೊದಲೇ ತಿಳಿಸಿದ್ದರೆ ಅಧಿಕಾರಿಯ ಲೇಖನಿಗೆ ಬರೆಯಲು ಬೇರೊಂದು ದಾರಿ ಸಿಗುತ್ತದೆ. ಮಗುವಿನ ಹೊಣೆ ಹೊರಲು ಸಿದ್ಧರಾದವರನ್ನು ಪರಿಶೀಲಿಸಿ ಯೋಗ್ಯ ವ್ಯಕ್ತಿಯೆಂದು ಮನ್ನಿಸಲು ಕಾಯಿದೆಯಲ್ಲಿ ಅವಕಾಶವಿದೆ. ಜಾರಿದವನನ್ನು ಮರಳಿ ನಿಲ್ಲಿಸುವ ಸ್ಥಿತಿಕರಣಕ್ಕೆ ಇದಕ್ಕಿಂತ ಸಮೀಪದ ಅವಕಾಶ ಯಾವುದು? ಪಂಚಕಲ್ಯಾಣಕ್ಕೂ ಅಭಿಷೇಕಕ್ಕೂ ನಾವು ಕೂಡಿಸುವ ಹಣದಲ್ಲಿ ಒಂದು ಪಾಲು ಇದಕ್ಕೆ ಸಂದರೆ ಪ್ರಭಾವನೆಗೆ ಕುಂದು ಬಾರದು.

ಪ್ರಾಯಶ್ಚಿತ್ತದ ಭೇದಗಳಲ್ಲಿ ಮೊದಲನೆಯದು ಆಲೋಚನೆ, ತನ್ನ ದೋಷವನ್ನು ಮರೆಮಾಚದೆ ನಿವೇದಿಸುವುದು. ಅದನ್ನು ಈ ಪುಟಗಳಲ್ಲಿ ಮಾಡಿದ್ದೇನೆ. ವಿವರ ತಿಳಿದುಕೊಂಡ ಮೇಲೆ ನಾನು ಆ ಹಮಾಲಿಯ ಮನೆಯನ್ನು ಹುಡುಕಿಕೊಂಡು ಹೋದೆ. ಕುಟುಂಬವು ಊರು ಬಿಟ್ಟು ಹೋಗಿತ್ತು; ಎಲ್ಲಿಗೆಂದು ನೆರೆಯವರು ಅರಿಯರು. ಆ ಹುಡುಗನ ಬಗೆಗೆ ನನಗೆ ತಿಳಿದಿದ್ದ ಸತ್ಯವನ್ನು ಹೇಳಬೇಕಾದ ಸ್ಥಳ ಒಂದೇ ಇತ್ತು, ಸಮಯವೂ ಒಂದೇ ಇತ್ತು. ಧರ್ಮಬಾಂಧವರಲ್ಲಿ ಯಾರಿಗಾದರೂ ಆ ಸ್ಥಳ ಮತ್ತು ಸಮಯ ನಾಳೆ ಒದಗಿದರೆ, ನನ್ನಂತೆ ಕೈಚೆಲ್ಲದಿರಲಿ ಎಂದು ಪ್ರಾರ್ಥಿಸುತ್ತೇನೆ. ಜೈ ಜಿನೇಂದ್ರ.